ನಾಳೆ ಬಾ

(ನಮ್ಮ ಕೂಟದ ಸಂಸ್ಥಾಪನಾ ದಿನಾಚರಣೆಯ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಹಿತ್ಯಗೋಷ್ಠಿಯಲ್ಲಿ ಮಾತನಾಡಲು ಒಬ್ಬ ವೈದ್ಯನನ್ನು ಕರೆದದ್ದು ಸಮಿತಿಯವರ ಧೈರ್ಯ. ಊಟಕ್ಕೆ ಮುಂಚೆ ನನ್ನ ಸರದಿ ಇಟ್ಟದ್ದು ಅವರ ಜಾಣತನ. ಹಸಿದ ಸಭಿಕರ ಮುಂದೆ ಯಾರೂ ಹೆಚ್ಚು ಹೊತ್ತು ಮಾತನಾಡಲಾರರು. ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡಿ, ಲಾಸ್ ಆಲ್ಟೋಸ್‌ನಲ್ಲಿ ನೆಲೆಸಿರುವ ನನಗೆ ಬರವಣಿಗೆ ಎಂದರೆ ರೋಗಿಗಳ ಕೇಸ್ ನೋಟ್ಸ್ ಅಷ್ಟೆ. ಆದರೂ ಇಂದು ಬರವಣಿಗೆಯ ಬಗ್ಗೆಯೇ ನಾಲ್ಕು ಮಾತು ಆಡುತ್ತೇನೆ. ಅದೂ ಭಯದ ಕಥೆಗಳನ್ನು ಬರೆದು ಹೆಸರಾದ ಒಬ್ಬ ಗೃಹಿಣಿಯ ಬಗ್ಗೆ.

ಮೊದಲು ನಮ್ಮೂರ ದೆವ್ವದಿಂದ ಶುರು ಮಾಡೋಣ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಇದ್ದವರಿಗೆ ಇದು ನೆನಪಿರಬೇಕು. ರಾತ್ರಿ ಹೊತ್ತು ಒಂದು ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಿಮ್ಮ ತಾಯಿಯ ದನಿಯಲ್ಲೋ ಅಣ್ಣನ ದನಿಯಲ್ಲೋ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದಿರೋ ಮುಗಿಯಿತು, ಎಂದು ಸುದ್ದಿ ಹಬ್ಬಿತ್ತು. ಅದಕ್ಕೆ ಪರಿಹಾರವನ್ನೂ ಜನರೇ ಕಂಡುಕೊಂಡಿದ್ದರು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿ ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ 'ನಾಳೆ ಬಾ'. ಚನ್ನಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದ ಈ ಎರಡು ಪದಗಳಿಲ್ಲದ ಬಾಗಿಲೇ ಇರಲಿಲ್ಲ. ಕನ್ನಡ ದೆವ್ವಗಳು ಸಾಕ್ಷರವೂ ಹೌದು, ಸಜ್ಜನರೂ ಹೌದು ಎಂದು ನಾವು ಹುಡುಗರು ನಗುತ್ತಿದ್ದೆವು. ಹಗಲಿನಲ್ಲಿ ಮಾತ್ರ ನಗುತ್ತಿದ್ದೆವು.

ಈಗ ನಮ್ಮ ಈ ಊರಿಗೆ ಬರೋಣ. ಲಾಸ್ ಆಲ್ಟೋಸ್‌ನಿಂದ ಉತ್ತರಕ್ಕೆ ಸುಮಾರು 20 ಮೈಲಿ ಹೋದರೆ ಬರ್ಲಿಂಗೇಮ್ ಸಿಗುತ್ತದೆ. ವಿಮಾನ ನಿಲ್ದಾಣಕ್ಕೆ ಅತ್ತೆ ಮಾವಂದಿರನ್ನು ಕರೆತರಲು ಹೋಗುವಾಗ ನಾವೆಲ್ಲ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ. 1916ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಶರ್ಲಿ ಜಾಕ್ಸನ್ ಬೆಳೆದದ್ದು ಆ ಊರಿನಲ್ಲಿ. 1933ರಲ್ಲಿ ಕುಟುಂಬ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ಹೋಯಿತು. 1948ರಲ್ಲಿ ಬಂದ ಆಕೆಯ ಮೊದಲ ಕಾದಂಬರಿ 'ದಿ ರೋಡ್ ಥ್ರೂ ದಿ ವಾಲ್' ಬರ್ಲಿಂಗೇಮನ್ನೇ ಹೋಲುವ ಒಂದು ಊರಿನ ಬೀದಿಯ ಕಥೆ. ಅಲ್ಲಿ ದೆವ್ವವಿಲ್ಲ. ಅಚ್ಚುಕಟ್ಟಾದ ಮನೆಗಳು, ಕತ್ತರಿಸಿದ ಹುಲ್ಲು, ಒಬ್ಬರನ್ನೊಬ್ಬರು ಅಳೆಯುವ ನೆರೆಹೊರೆಯವರು. ಓದುತ್ತ ಹೋದಂತೆ ಬೆನ್ನು ತಣ್ಣಗಾಗುತ್ತದೆ. 1959ರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಆಕೆಗೆ ದೊಡ್ಡ ಹೆಸರು ತಂದಿತು. ಭಯದ ಕಾದಂಬರಿಗಳಿಗೆ ಜಗತ್ಪ್ರಸಿದ್ಧರಾದ ಸ್ಟೀಫನ್ ಕಿಂಗ್ 1980ರ ತಮ್ಮ 'ಫೈರ್‌ಸ್ಟಾರ್ಟರ್' ಕಾದಂಬರಿಯನ್ನು ಈಕೆಯ ನೆನಪಿಗೇ ಅರ್ಪಿಸಿದ್ದಾರೆ.

ಆಕೆ ಬರೆದದ್ದು ಯಾವಾಗ ಎಂಬುದೇ ನನ್ನ ಕುತೂಹಲ. ನಾಲ್ಕು ಮಕ್ಕಳ ತಾಯಿ, ಗಂಡ ವರ್ಮಾಂಟ್‌ನ ಬೆನಿಂಗ್ಟನ್ ಕಾಲೇಜಿನಲ್ಲಿ ಅಧ್ಯಾಪಕ ಮತ್ತು ವಿಮರ್ಶಕ, ಮನೆ ತುಂಬ ಪುಸ್ತಕ ಮತ್ತು ಅತಿಥಿಗಳು. ಅಡುಗೆ, ಬಟ್ಟೆ, ಮಕ್ಕಳ ಜ್ವರ ಎಲ್ಲ ಆಕೆಯದೇ. ಮೂರನೆಯ ಹೆರಿಗೆಗೆ ಆಸ್ಪತ್ರೆ ಸೇರುವಾಗ ಗುಮಾಸ್ತೆ ಉದ್ಯೋಗವೇನೆಂದು ಕೇಳಿದಳಂತೆ. ಲೇಖಕಿ ಎಂದದ್ದಕ್ಕೆ, ಗೃಹಿಣಿ ಎಂದೇ ಬರೆದುಕೊಳ್ಳುತ್ತೇನೆ ಎಂದಳಂತೆ. ಜಾಕ್ಸನ್ ಅದನ್ನು ತಮಾಷೆಯಾಗಿಯೇ ಬರೆದಿದ್ದಾರೆ. ಎಷ್ಟೋ ದಾಖಲಾತಿ ಫಾರಂಗಳನ್ನು ನೋಡಿರುವ ನನಗೆ ನಗು ಪೂರ್ತಿಯಾಗಿ ಬರಲಿಲ್ಲ.

ಯೌವನದಲ್ಲಿ ಕಾಲೇಜು ಬಿಟ್ಟು ಒಂದು ವರ್ಷ ಮನೆಯಲ್ಲಿದ್ದಾಗ ಆಕೆ ತನಗೇ ಒಂದು ನಿಯಮ ಹಾಕಿಕೊಂಡಿದ್ದರು: ದಿನಕ್ಕೆ 1000 ಪದ. ಸಂಸಾರ ಬೆಳೆದ ಮೇಲೆ ನಿಯಮದ ರೂಪ ಬದಲಾಯಿತು. ಹಾಸಿಗೆ ಸರಿಮಾಡುವಾಗ, ಪಾತ್ರೆ ತೊಳೆಯುವಾಗ ಮನಸ್ಸಿನಲ್ಲೇ ಕಥೆ ಹೊಸೆಯುವುದು. ಹೊಳೆದದ್ದನ್ನು ಕೈಗೆ ಸಿಕ್ಕ ಚೀಟಿಯಲ್ಲಿ ಗೀಚಿಡುವುದು. ಬಿಡುವು ಸಿಕ್ಕ ಕೂಡಲೇ ಟೈಪ್‌ರೈಟರ್ ಮುಂದೆ ಕೂರುವುದು. ಆಕೆಯ ಅತಿ ಪ್ರಸಿದ್ಧ ಕಥೆ 'ದಿ ಲಾಟರಿ' ಹುಟ್ಟಿದ ಬಗೆಯನ್ನು ತಾವೇ ಒಂದು ಭಾಷಣದಲ್ಲಿ ಹೇಳಿದ್ದಾರೆ. ಮಗುವಿನ ತಳ್ಳುಗಾಡಿಯಲ್ಲಿ ಮಗಳನ್ನೂ ದಿನಸಿಯನ್ನೂ ಇಟ್ಟುಕೊಂಡು ಗುಡ್ಡ ಹತ್ತುವಾಗ ಕಥೆ ಹೊಳೆಯಿತಂತೆ. ಮನೆಗೆ ಬಂದು, ಮಗುವನ್ನು ಆಟಕ್ಕೆ ಬಿಟ್ಟು, ತರಕಾರಿಯನ್ನು ಫ್ರಿಜ್‌ನಲ್ಲಿಟ್ಟು, ಬರೆಯಲು ಕುಳಿತರಂತೆ. ತರಕಾರಿ ಮೊದಲು, ಕಥೆ ಆಮೇಲೆ; ಆದರೆ ಎರಡೂ ಅದೇ ದಿನ.

1948ರ ಜೂನ್‌ನಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆ ಆ ಕಥೆಯನ್ನು ಪ್ರಕಟಿಸಿತು. ಆ ಬೇಸಿಗೆಯಲ್ಲಿ 300ಕ್ಕೂ ಹೆಚ್ಚು ಪತ್ರಗಳು ಬಂದವು. ಸೌಮ್ಯವಾಗಿ ಮಾತನಾಡಿದವು 13 ಮಾತ್ರ, ಅವೂ ಬಹುತೇಕ ಸ್ನೇಹಿತರವು ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದಿಂದ ಸ್ವಂತ ತಾಯಿಯೇ ಕಥೆ ಹಿಡಿಸಲಿಲ್ಲವೆಂದು ಬರೆದರು. ನಮ್ಮ ಸ್ಮರಣ ಸಂಚಿಕೆಗೆ ಲೇಖನ ಕೊಟ್ಟು, ಯಾರೂ ಓದಲಿಲ್ಲವೆಂದು ಕೊರಗುವವರು ಇದನ್ನು ಗಮನಿಸಬೇಕು.

ಆಕೆ ಹೊಸ ಲೇಖಕರಿಗೆ ಕೊಟ್ಟ ಸಲಹೆಗಳೂ ಉಂಟು. ಅವುಗಳಲ್ಲಿ ಒಂದು ಲೇಖನ ಬರವಣಿಗೆಯಲ್ಲಿ ಆಸಕ್ತಿ ತೋರಿದ ತಮ್ಮ ಮಗಳಿಗಾಗಿಯೇ ಬರೆದದ್ದು. ಉಳಿದವು ಭಾಷಣಗಳು. ನನಗೆ ಅರ್ಥವಾದಷ್ಟನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು, ಅನುಭವ ಯಾವುದೂ ವ್ಯರ್ಥವಲ್ಲ. ಬಟ್ಟಲು ಒಡೆದರೂ, ಜಗಳವಾದರೂ, ಕಂಡದ್ದನ್ನು ಕೂಡಿಡಬೇಕು. ಎಂದಾದರೊಂದು ದಿನ ಉಪಯೋಗಕ್ಕೆ ಬರುತ್ತದೆ. ಎರಡನೆಯದು, ಓದುಗನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಡಿ, ಅವನೂ ಸ್ವಲ್ಪ ಕೆಲಸ ಮಾಡಲಿ. ಮೂರನೆಯದು, ಒಗ್ಗರಣೆ ಹೆಚ್ಚಾಗಬಾರದು. ಬೆಳ್ಳುಳ್ಳಿಯನ್ನು ಬಳಸುವಷ್ಟು ಹಿಡಿತದಲ್ಲಿ ಸಂಕೇತಗಳನ್ನೂ ಬಣ್ಣದ ಮಾತುಗಳನ್ನೂ ಬಳಸಬೇಕೆಂದು ಆಕೆ ಒಂದು ಇಡೀ ಭಾಷಣವನ್ನೇ ಮಾಡಿದ್ದಾರೆ. ಬೆಳ್ಳುಳ್ಳಿ ತಿನ್ನದವರು ಇಂಗು ಎಂದು ತಿಳಿದುಕೊಳ್ಳಬಹುದು. ನಮ್ಮ 'ಭೀಕರ', 'ಭಯಾನಕ', 'ಘೋರ' ಎಂಬ ಮೂರು ಇಂಗಿನ ಹರಳುಗಳನ್ನು ಒಂದೇ ವಾಕ್ಯಕ್ಕೆ ಹಾಕಿದರೆ ಹೆದರುವುದು ಓದುಗನಲ್ಲ, ಸಂಪಾದಕ.

'ಹಿಲ್ ಹೌಸ್' ಬರೆಯುವ ಮುಂಚೆ ಆಕೆ ಹಳೆಯ ಮನೆಗಳ ಚಿತ್ರಗಳನ್ನು ಹುಡುಕುತ್ತಿದ್ದರು. ಕ್ಯಾಲಿಫೋರ್ನಿಯಾದ ಒಂದು ವಿಕಾರವಾದ ಮನೆಯ ಚಿತ್ರ ಸಿಕ್ಕಿತು. ಅದರ ವಿವರ ಕೇಳಿ ತಾಯಿಗೆ ಬರೆದರೆ, ಅದನ್ನು ಕಟ್ಟಿದವರು ನಮ್ಮ ವಂಶದ ಹಿರಿಯರೇ ಎಂದು ಉತ್ತರ ಬಂತಂತೆ. ಇನ್ನೊಂದು ಬೆಳಿಗ್ಗೆ ಮೇಜಿನ ಮೇಲೆ ಸಾವಿನ ಬಗ್ಗೆ ಒಂದು ಚೀಟಿ ಇತ್ತು. ಅಕ್ಷರ ಆಕೆಯದೇ, ನಿದ್ದೆಗಣ್ಣಿನಲ್ಲಿ ಬರೆದದ್ದು. ನಿದ್ದೆಯಲ್ಲಿ ಎದ್ದು ಓಡಾಡುವವರನ್ನು ವೈದ್ಯರಾದ ನಾವು ಬಲ್ಲೆವು, ಅದಕ್ಕೆ ಹೆಸರೂ ಉಂಟು. ಆಕೆ ಹೆಸರಿಡುವ ಬದಲು ಕಾದಂಬರಿ ಬರೆಯಲು ಕುಳಿತರು.

ಆಕೆ ಭಯವನ್ನು ಹೊರಗಿನಿಂದ ಕಂಡವರಲ್ಲ. 1962ರಲ್ಲಿ ಕೊನೆಯ ಪೂರ್ಣ ಕಾದಂಬರಿ ಬಂದ ನಂತರ ತಿಂಗಳುಗಟ್ಟಲೆ ಮನೆಯ ಹೊಸಿಲು ದಾಟಲು ಹೆದರುತ್ತಿದ್ದರು. ಮನೋವೈದ್ಯರ ನೆರವು ಪಡೆದರು, ದಿನಚರಿ ಬರೆದರು, ಚೇತರಿಸಿಕೊಂಡು ಮತ್ತೆ ಊರೂರಿಗೆ ಹೋಗಿ ಭಾಷಣ ಮಾಡಿದರು, ಹೊಸ ಕಾದಂಬರಿಯನ್ನೂ ಶುರು ಮಾಡಿದರು. ಅದು ಮುಗಿಯಲಿಲ್ಲ. 1965ರ ಆಗಸ್ಟ್‌ನಲ್ಲಿ, 48ನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೃದಯ ನಿಂತಿತು. ನನ್ನ ವಯಸ್ಸೂ ಈಗ ಅಲ್ಲೇ ಸುಳಿದಾಡುತ್ತಿದೆ.

ಇಂಥವರು ನಮ್ಮಲ್ಲಿ ಇರಲಿಲ್ಲವೇ ಎಂದು ಯೋಚಿಸಿದಾಗ ತ್ರಿವೇಣಿಯವರು ನೆನಪಾದರು. ಮನಃಶಾಸ್ತ್ರ ಓದಿದ ಹೆಣ್ಣುಮಗಳು. 1953ರಲ್ಲಿ 'ಅಪಸ್ವರ' ಬಂತು. 1963ರಲ್ಲಿ, 35 ತುಂಬುವ ಮೊದಲೇ, ಅವರು ತೀರಿಕೊಂಡರು. ಆ ಹತ್ತು ವರ್ಷಗಳಲ್ಲಿ ಬರೆದ ಕಾದಂಬರಿಗಳು ಸುಮಾರು 20. 'ಶರಪಂಜರ'ದಲ್ಲಿ ದೆವ್ವವಿಲ್ಲ, ಆದರೆ ಬಾಣಂತಿಯ ಮನಸ್ಸು ಕದಡಿದ್ದನ್ನೂ, ಆಕೆ ಗುಣವಾದ ಮೇಲೂ ಸುತ್ತಲಿನವರು ನೋಡುವ ನೋಟವನ್ನೂ ಓದಿದರೆ ಯಾವ ದೆವ್ವವೂ ಬೇಡ. ವೈದ್ಯೆಯಾಗಿ ದುಡಿಯುತ್ತಲೇ ಬರೆದ ಡಾ. ಅನುಪಮಾ ನಿರಂಜನರು ಮಕ್ಕಳಿಗಾಗಿ 'ದಿನಕ್ಕೊಂದು ಕಥೆ'ಯನ್ನು 12 ಸಂಪುಟಗಳಲ್ಲಿ ಕೊಟ್ಟರು. ಬಿಡುವಿಲ್ಲ ಎನ್ನುವ ನನ್ನಂಥ ವೈದ್ಯರಿಗೆ ಆ ಹೆಸರೇ ಒಂದು ಪ್ರಿಸ್ಕ್ರಿಪ್ಷನ್.

ಇನ್ನು ನನ್ನ ಸ್ವಂತ ವಿಷಯ. ಇದನ್ನು ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ.

ನಮ್ಮ ಅಮ್ಮ ದೆವ್ವದ ಕಥೆಗಳ ಕಣಜ. ಕರೆಂಟು ಹೋದ ರಾತ್ರಿಗಳಲ್ಲಿ ಹಿತ್ತಲ ಹುಣಸೆಮರ, ಹಾಳು ಬಾವಿ, ಸೇಂದಿ ವನದಲ್ಲಿ ಎದುರಾದ ಹೆಂಗಸು, ಎಲ್ಲವೂ ಅಮ್ಮನ ಬಾಯಲ್ಲಿ ಜೀವ ತಳೆಯುತ್ತಿದ್ದವು. ಅವನ್ನೆಲ್ಲ ಬರೆದಿಡುತ್ತೇನೆಂದು ಇಲ್ಲಿಗೆ ಬರುವಾಗಲೇ ಮಾತು ಕೊಟ್ಟಿದ್ದೆ. ಪ್ರತಿ ಭಾನುವಾರ ಫೋನ್ ಮಾಡಿದಾಗ ಅಮ್ಮ ತಾವಾಗಿಯೇ ಶುರು ಮಾಡುತ್ತಿದ್ದರು. ನನಗೆ ಒಂದು ಕಿವಿ ಫೋನಿಗೆ, ಇನ್ನೊಂದು ಪೇಜರಿಗೆ. "ನಾಳೆ ಹೇಳಮ್ಮ, ನಾಳೆ ಬರಕೋತೀನಿ" ಎನ್ನುತ್ತಿದ್ದೆ. ಹೀಗೆ ವರ್ಷಗಳು ಹೋದವು. ಕೊನೆಕೊನೆಗೆ ಒಂದೇ ಕಥೆಯನ್ನು ಒಂದೇ ಫೋನಿನಲ್ಲಿ ಎರಡು ಸಲ ಹೇಳಲು ಶುರು ಮಾಡಿದರು. ರೋಗಿಗಳ ಮಕ್ಕಳು ಬಂದು ಹೀಗೆಂದರೆ ನಾನು ತಕ್ಷಣ ಪರೀಕ್ಷೆಗೆ ಬರೆಯುತ್ತೇನೆ. ಅಮ್ಮನ ವಿಷಯದಲ್ಲಿ, ವಯಸ್ಸಾಯಿತಲ್ಲ ಎಂದುಕೊಂಡೆ.

ಕಳೆದ ವರ್ಷ ರಜೆ ಹಾಕಿ ಊರಿಗೆ ಹೋದೆ. ನೋಟ್ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತೆ. ಬಾಗಿಲು ತಟ್ಟುವ ದೆವ್ವದ ಕಥೆ ಹೇಳಮ್ಮ ಎಂದೆ. ಅಮ್ಮನ ಮುಖ ಅರಳಿತು. ರಾತ್ರಿಯಾಯಿತು, ದೆವ್ವ ಬಂತು, ಬಾಗಿಲು ತಟ್ಟಿತು, ತಾಯಿಯ ದನಿಯಲ್ಲಿ ಕರೆಯಿತು. ಅಲ್ಲಿಗೆ ನಿಂತರು. "ಬಾಗಿಲ ಮೇಲೆ ಏನೋ ಬರೀತಿದ್ರಲ್ಲಪ್ಪ, ಏನದು?" ಎಂದು ನನ್ನನ್ನೇ ಕೇಳಿದರು.

ನನಗೆ ಆ ಎರಡು ಪದ ಹೇಳಲು ಬಾಯಿ ಬರಲಿಲ್ಲ. ಆ ಹೊತ್ತಿಗೆ ಅವು ದೆವ್ವಕ್ಕೆ ಬರೆದ ಪದಗಳಾಗಿ ನನಗೆ ಕಾಣಲಿಲ್ಲ. ತಾಯಿಯ ನಿಜವಾದ ದನಿಗೇ ನಾನು ಇಷ್ಟು ವರ್ಷ ಅದನ್ನು ಹೇಳುತ್ತ ಬಂದಿದ್ದೆ.

ಹಿಂದಿರುಗಿದ ಮೇಲೆ ಬರೆಯಲು ಶುರು ಮಾಡಿದ್ದೇನೆ. ದಿನಕ್ಕೆ 1000 ಪದವಿಲ್ಲ. ರಾತ್ರಿ ಪಾತ್ರೆ ತೊಳೆದ ಮೇಲೆ, ಅಡುಗೆಮನೆಯ ಮೇಜಿನಲ್ಲೇ, 20 ನಿಮಿಷ. ಈವರೆಗೆ 11 ಕಥೆಗಳಾಗಿವೆ. ನಾಲ್ಕಕ್ಕೆ ಕೊನೆಯಿಲ್ಲ. ಊರಿನಲ್ಲಿರುವ ಅಕ್ಕ ಫೋನಿನಲ್ಲಿ ಕೆಲವನ್ನು ತುಂಬಿಸಿದ್ದಾಳೆ. ಉಳಿದವನ್ನು ತುಂಬಿಸಬಲ್ಲವರು ಈಗ ಇಲ್ಲ. ಕೊನೆಯಿಲ್ಲದವನ್ನು ಹಾಗೆಯೇ ಬಿಟ್ಟಿದ್ದೇನೆ, ನಾನಾಗಿ ಕಟ್ಟಿ ಸೇರಿಸಿಲ್ಲ. ಮಗಳು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತ, ಆಮೇಲೆ ಏನಾಯಿತು ಎಂದು ಕೇಳುತ್ತಾಳೆ. ಗೊತ್ತಿಲ್ಲ ಎಂದರೆ ಅವಳಿಗೆ ಅದೇ ಹೆಚ್ಚು ಭಯ.

ಆದ್ದರಿಂದ ನನ್ನ ವಿನಂತಿ ಚಿಕ್ಕದು. ದೊಡ್ಡ ಕಾದಂಬರಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಅಜ್ಜಿಯ ಮನೆಯ ಕತ್ತಲೆ ಕೋಣೆ, ನಡುರಾತ್ರಿ ಊರಿನಿಂದ ಬಂದ ಫೋನು, ಈ ದೇಶಕ್ಕೆ ಬಂದ ಮೊದಲ ಚಳಿಗಾಲದ ಒಂಟಿತನ, ಹೀಗೆ ನಿಮ್ಮನ್ನು ಹೆದರಿಸಿದ ಒಂದು ಸಂಗತಿಯನ್ನು ಬರೆಯಿರಿ. ಐದು ಸಾಲಾದರೂ ಸರಿ, ವ್ಯಾಕರಣ ತಪ್ಪಾದರೂ ಸರಿ. ತಂದೆ ತಾಯಿ ಇಲ್ಲಿಗೆ ಬಂದಿದ್ದರೆ ಇಂದು ರಾತ್ರಿಯೇ ಕೇಳಿ. ಊರಿನಲ್ಲಿದ್ದರೆ ಅಲ್ಲಿ ಬೆಳಗಾಗುವುದನ್ನು ಕಾದು ಫೋನ್ ಮಾಡಿ. ಈ ಸಭಾಂಗಣದ ಬಾಗಿಲ ಬಳಿ, ಊಟದ ಸಾಲು ಶುರುವಾಗುವಲ್ಲಿ, ಹಾಳೆಗಳನ್ನೂ ಪೆನ್ನುಗಳನ್ನೂ ಇಟ್ಟಿದ್ದೇನೆ. ಬಿಸಿಬೇಳೆಭಾತ್ ಬಡಿಸುವಷ್ಟರಲ್ಲಿ ಎರಡು ಸಾಲು ಬರೆಯಬಹುದು. ಸಂಪಾದಕರು ಮುಂದಿನ ಸಂಚಿಕೆಗೆ ಅವನ್ನು ಸ್ವೀಕರಿಸಲು ಒಪ್ಪಿದ್ದಾರೆ.