ಮೊದಲ ಚಪ್ಪಾಳೆ ಯಾರದು?



ಮಾತು ಬಾರದ ಕೂಸಿಗೆ ಅಜ್ಜಿ ಕಲಿಸುವ ಮೊದಮೊದಲ ವಿದ್ಯೆಗಳಲ್ಲಿ ಚಪ್ಪಾಳೆಯೂ ಒಂದು. ಮನುಷ್ಯ ಇದನ್ನು ಯಾವಾಗ ಶುರುಮಾಡಿದ ಎಂದು ಇಸವಿ ಹುಡುಕಿ ಪ್ರಯೋಜನವಿಲ್ಲ. ಆದರೆ ಒಬ್ಬರು ಆಡಿ ತೋರಿಸಿದ್ದಕ್ಕೆ ಉಳಿದವರೆಲ್ಲ ಸೇರಿ ತಟ್ಟುವ ರೂಢಿಗೆ ಹಳೆಯ ದಾಖಲೆಗಳಿವೆ. ಅವನ್ನು ಓದುತ್ತ ಹೋದಂತೆಲ್ಲ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಸಭೆಯಲ್ಲಿ ಎಲ್ಲರಿಗಿಂತ ಮೊದಲು ತಟ್ಟುವ ಆ ನಾಲ್ಕಾರು ಕೈಗಳು ಯಾರವು?

ರೋಮಿನ ಹಾಸ್ಯನಾಟಕ ಮುಗಿಯುವಾಗ ನಟರೇ ಬಾಯಿಬಿಟ್ಟು ಚಪ್ಪಾಳೆ ಕೇಳುತ್ತಿದ್ದರು. ಪ್ಲಾಟಸ್, ಟೆರೆನ್ಸ್ ಬರೆದ ನಾಟಕಗಳ ಕೊನೆಯಲ್ಲಿ ಆ ಕೋರಿಕೆ ಇದೆ. ತಾನೇ ರಂಗವೇರಿ ಹಾಡುತ್ತಿದ್ದ ಚಕ್ರವರ್ತಿ ನೀರೋಗೆ ಕೋರಿಕೆ ಸಾಲಲಿಲ್ಲ. ಅಲೆಕ್ಸಾಂಡ್ರಿಯಾದಿಂದ ಬಂದವರ ಲಯಬದ್ಧ ಹೊಗಳಿಕೆಗೆ ಮನಸೋತ ಅವನು 5,000ಕ್ಕೂ ಹೆಚ್ಚು ಗಟ್ಟಿಮುಟ್ಟಾದ ಯುವಕರನ್ನು ಆರಿಸಿ, ತಂಡ ಕಟ್ಟಿ, ಚಪ್ಪಾಳೆ ಕಲಿಸಿದನೆಂದು ರೋಮಿನ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಕಲಿಸಿದ್ದು ಮೂರು ಬಗೆ: ಜೇನಿನ ಮೊರೆತ, ಹೆಂಚು, ಮಡಕೆಚೂರು. ಹೆಂಚೆಂದರೆ ಅಂಗೈ ಬಗ್ಗಿಸಿ ತಟ್ಟುವುದು, ಮಡಕೆಚೂರೆಂದರೆ ಚಪ್ಪಟೆಯಾಗಿ ತಟ್ಟುವುದು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ನೀವೂ ತಟ್ಟಿ ನೋಡಿ. ಅಂಗೈಗಳ ನಡುವೆ ಪೊಳ್ಳು ಬಿಟ್ಟರೆ ಸದ್ದು ದಪ್ಪವಾಗುತ್ತದೆ, ಒತ್ತಿ ತಟ್ಟಿದರೆ ಹರಿತವಾಗುತ್ತದೆ. ನಡುವೆ ಸಿಕ್ಕಿದ ಗಾಳಿಯೇ ಸ್ವರ ಬದಲಿಸುತ್ತದೆ.

ಹೀಗೆ ಹೇಳಿ ತಟ್ಟಿಸುವ ಚಪ್ಪಾಳೆ ಪ್ಯಾರಿಸ್ಸಿನಲ್ಲಿ ಕಸುಬೇ ಆಯಿತು. 1820ರಲ್ಲಿ ಅಲ್ಲಿ ನಾಟಕಗಳಿಗೆ ಚಪ್ಪಾಳೆಯವರನ್ನು ಒದಗಿಸುವ ಕಚೇರಿಯೊಂದು ತೆರೆಯಿತು. ಈ ತಂಡಕ್ಕೆ 'ಕ್ಲಾಕ್' ಎಂದು ಹೆಸರು. ನಗುವವರು ಬೇರೆ, ಕರವಸ್ತ್ರ ಹಿಡಿದು ಅಳುವ ಹೆಂಗಸರು ಬೇರೆ, 'ಇನ್ನೊಮ್ಮೆ' ಎಂದು ಕೂಗುವವರು ಬೇರೆ. 1830ರ ದಶಕದಲ್ಲಿ ಪ್ಯಾರಿಸ್ ಆಪೆರಾದ ಚಪ್ಪಾಳೆ ಮುಖಂಡನಾಗಿದ್ದ ಆಗಸ್ಟ್ ಲೆವಾಸರ್ ತಾಲೀಮಿಗೆ ಬಂದು ಕೂತು, ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದ. ಇದನ್ನು ಬರಿಯ ಮೋಸವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೂಲಿಯ ಕೈಗಳು ಸಭೆಯ ಒಂದು ಮೂಲೆಯಲ್ಲಷ್ಟೇ ಇದ್ದವು. ಅವುಗಳ ಬೆನ್ನಿಗೆ ಎದ್ದ ನೂರಾರು ಕೈಗಳಿಗೆ ಯಾರೂ ಕಾಸು ಕೊಟ್ಟಿರಲಿಲ್ಲ. ತಟ್ಟಬೇಕೆನಿಸಿದರೂ ಒಬ್ಬನೇ ತಟ್ಟಲು ಅಳುಕುವವನಿಗೆ ಜೊತೆ ಬೇಕು. ಆ ಅಳುಕೇ ಕಸುಬಿನ ಬಂಡವಾಳ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ರಿಚರ್ಡ್ ಮ್ಯಾನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ವಿದ್ಯಾರ್ಥಿಗಳ ಸಣ್ಣ ಗುಂಪುಗಳು ಭಾಷಣ ಕೇಳಿ ಚಪ್ಪಾಳೆ ತಟ್ಟಿದ್ದನ್ನು ಅವರು ಚಿತ್ರೀಕರಿಸಿಕೊಂಡರು. ಚಪ್ಪಾಳೆ ಸೋಂಕಿನ ಹಾಗೆ ಹರಡುತ್ತದೆ, ಅದು ಎಷ್ಟು ಹೊತ್ತು ನಡೆಯಿತೆಂಬುದು ಭಾಷಣದ ಗುಣದ ಅಳತೆಗೋಲಲ್ಲ ಎಂದು ಕಂಡುಬಂತು. ನಿಲ್ಲಿಸುವಾಗಲೂ ಅಷ್ಟೇ, ಕೆಲವರು ನಿಲ್ಲಿಸಿದರೆ ಉಳಿದವರೂ ನಿಲ್ಲಿಸುತ್ತಾರೆ. ದೀರ್ಘ ಕರತಾಡನವನ್ನೇ ಯೋಗ್ಯತೆಯ ಪ್ರಮಾಣಪತ್ರವೆಂದು ಅಚ್ಚುಹಾಕುವ ನಮ್ಮ ವರದಿಗಾರರು ಇದನ್ನು ಗಮನಿಸಬೇಕು.

ಆದರೂ ಗುಂಪು ಬರೀ ಕುರುಡು ಹಿಂಬಾಲಕನಲ್ಲ. ರೊಮೇನಿಯಾ, ಹಂಗೇರಿಗಳ ರಂಗಮಂದಿರಗಳಲ್ಲಿ ಚದುರಿದ ಚಪ್ಪಾಳೆ ತಾನಾಗಿಯೇ ಒಂದೇ ಲಯಕ್ಕೆ ಕೂಡಿಕೊಳ್ಳುವುದನ್ನು ವಿಜ್ಞಾನಿಗಳು ಅಳೆದು 2000ದಲ್ಲಿ ಪ್ರಕಟಿಸಿದರು. ಕೂಡಿಕೊಳ್ಳಬೇಕಾದರೆ ಪ್ರತಿಯೊಬ್ಬನೂ ತನ್ನ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ಸದ್ದು ಹೆಚ್ಚಿಸಲೆಂದು ವೇಗ ಏರಿಸಿದರೆ ಲಯ ಮತ್ತೆ ಚದುರುತ್ತದೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ಕೇಳುಗನ ಕೈಗೆ ಮೊದಲಿನಿಂದಲೂ ಇನ್ನೊಂದು ಕೆಲಸವಿದೆ. ಆದಿತಾಳವನ್ನೇ ನೋಡಿ: ಒಂದು ಘಾತ, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಘಾತ, ಬೀಸು, ಘಾತ, ಬೀಸು. ಒಟ್ಟು ಎಂಟು ಎಣಿಕೆ. ತೊಡೆಯ ಮೇಲೆ ಮೆಲ್ಲಗೆ ಬೀಳುವ ಆ ಕೈ ಹೊಗಳುತ್ತಿಲ್ಲ, ಲೆಕ್ಕ ಇಡುತ್ತಿದೆ. ಮೃದಂಗಕ್ಕೇ ಬಿಟ್ಟುಕೊಟ್ಟ ತನಿ ಆವರ್ತನದಲ್ಲಿ ಗಾಯಕರೇ ಮೃದಂಗದವರಿಗಾಗಿ ತಾಳ ಹಾಕುತ್ತಾರೆ, ಮುಂದಿನ ಸಾಲಿನ ರಸಿಕರೂ ಹಾಕುತ್ತಾರೆ. ಮುಕ್ತಾಯ ಬಂದು ಎಡುಪಿಗೆ, ಎಂದರೆ ಹಾಡು ಎತ್ತಿಕೊಂಡ ಜಾಗಕ್ಕೆ, ಸರಿಯಾಗಿ ಕೂತಾಗ ಏಳುವ ಚಪ್ಪಾಳೆಗೆ ಮುಖಂಡ ಬೇಕಿಲ್ಲ. ಪಕ್ಕದವರನ್ನು ನೋಡಿ ತಟ್ಟುವವರು ಅಲ್ಲೂ ಇರುತ್ತಾರೆ, ಆದರೆ ಮೊದಲ ಕೈ ಎಣಿಸುತ್ತಿದ್ದವನದೇ.