ನಿದ್ದೆ, ನೆನಪು ಮತ್ತು ವಿದ್ಯೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಸಭೆಗಳಲ್ಲಿ ಭಾಷೆಯ ಹಕ್ಕಿನ ಮಾತೇ ಮುಂದಾಗಿ ಕೇಳಿಬರುತ್ತದೆ. ಅದು ಸಹಜವೇ. ಇಂದು ನಾವು ಆಡಬಯಸುವುದು ಮನೆಯೊಳಗಿನ ಒಂದು ಸಣ್ಣ ಮಾತು. ಆದರೆ ಕನ್ನಡ ಶಾಲೆಯ ಅಳಿವು ಉಳಿವಿಗೂ ಅದಕ್ಕೂ ನಂಟುಂಟು.

ಬೆಳಗಿನ ಮೊದಲ ಪಾಠದಲ್ಲೇ ತೂಕಡಿಸುವ ಮಕ್ಕಳನ್ನು ಉಪಾಧ್ಯಾಯರಾದ ನಾವು ನಿತ್ಯವೂ ಕಾಣುತ್ತೇವೆ. ನಿನ್ನೆ ಕಲಿತ ಪದ್ಯ ಇಂದು ನೆನಪಿಲ್ಲ. ಕೇಳಿದ ಪ್ರಶ್ನೆ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು. ಅಂಕ ಕಡಮೆಯಾದೊಡನೆ, ಕನ್ನಡ ಮಾಧ್ಯಮದಿಂದಲೇ ಹೀಗಾಯಿತೆಂದು ಕೆಲವು ತಂದೆತಾಯಿಗಳು ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ರೋಗವೊಂದು, ಮದ್ದು ಮತ್ತೊಂದು! ಆ ಮಗು ರಾತ್ರಿ ಎಷ್ಟು ಹೊತ್ತಿಗೆ ಮಲಗಿತೆಂದು ವಿಚಾರಿಸಿದವರುಂಟೆ?

ವಾಗ್ಭಟನು ಅಷ್ಟಾಂಗಹೃದಯದಲ್ಲಿ ದಿನಚರ್ಯೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಆಯುರ್ವೇದವು ಶರೀರದ ಉಪಸ್ತಂಭಗಳಲ್ಲಿ ಆಹಾರದೊಡನೆ ನಿದ್ರೆಯನ್ನೂ ಎಣಿಸಿತು. ಇಂದಿನ ವಿಜ್ಞಾನವೂ ಇದಕ್ಕೆ ದೂರವಾಗಿಲ್ಲ. ಜೀವಿಗಳ ಶರೀರದೊಳಗಿನ ಗಡಿಯಾರವು ನಡೆಯುವ ಬಗೆಯನ್ನು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಗಲು ಕಲಿತುದನ್ನು ನೆನಪಿನಲ್ಲಿ ನೆಲೆಗೊಳಿಸುವ ಕೆಲಸವನ್ನು ಮಿದುಳು ನಿದ್ದೆಯಲ್ಲಿಯೂ ನಡೆಸುತ್ತದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಮತ. ಕತ್ತಲಾದಾಗ ಮೆಲಟೋನಿನ್ ಎಂಬ ರಸವು ಸ್ರವಿಸಿ ಶರೀರಕ್ಕೆ ರಾತ್ರಿಯಾಯಿತೆಂದು ಸಾರುತ್ತದೆ. ಕಣ್ಣೆದುರು ಹಿಡಿದ ಮೊಬೈಲಿನ ಬೆಳಕು ಆ ಸಾರಣೆಯನ್ನು ತಡಮಾಡಿಸುತ್ತದೆ. ಸಂಜೆ ಕುಡಿದ ಕಾಫಿಯ ಕೆಫೀನಾದರೋ ಸುಮಾರು 5 ಗಂಟೆ ಕಳೆದರೂ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ.

ನಮ್ಮ ಹಿರಿಯರು ಬೆಳಗಿನವರೆಗೆ ಕುಳಿತು ಬಯಲಾಟ ನೋಡಲಿಲ್ಲವೆ ಎಂದು ಕೇಳುವವರುಂಟು. ನೋಡಿದರು, ಆದರೆ ಪ್ರತಿರಾತ್ರಿಯೂ ಅಲ್ಲ. ಊರಿಗೆ ಮೇಳ ಬಂದಾಗ ನೋಡಿದರು. ಪತ್ತನಾಜೆ ಬಂದರೆ ಮೇಳವೂ ಗೆಜ್ಜೆ ಬಿಚ್ಚುತ್ತದೆ. ಅಂಗೈಯೊಳಗಿನ ಈ ಹೊಸ ಆಟಕ್ಕೆ ಪತ್ತನಾಜೆಯೆಂಬುದೇ ಇಲ್ಲ!

ಹಾಗಾದರೆ ಮಾಡತಕ್ಕದ್ದೇನು? ರಾತ್ರಿಯ ಊಟವಾದೊಡನೆ ಮನೆಯ ಮೊಬೈಲುಗಳೆಲ್ಲವೂ ಒಂದೆಡೆ ವಿಶ್ರಮಿಸಲಿ. ಮೊದಲು ಇಡಬೇಕಾದವರು ಹಿರಿಯರು. ತಂದೆಯ ಕೈಯಲ್ಲಿರುವುದನ್ನು ಮಗ ಬಿಡಲಾರನು. ಹಾಗೆ ಉಳಿದ ಅರ್ಧ ಗಂಟೆಯಲ್ಲಿ ಒಂದು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿರಿ. ನಿತ್ಯವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳುವುದು ರೂಢಿಯಾಗಲಿ; ರಜಾದಿನವೂ ಇದಕ್ಕೆ ಹೊರತಲ್ಲ. ಶರೀರದ ತೂಕದಲ್ಲಿ ನೂರಕ್ಕೆ 2 ಪಾಲಿನಷ್ಟೇ ಇರುವ ಮಿದುಳು, ವಿಶ್ರಾಂತಿಯಲ್ಲಿರುವಾಗಲೂ ಶರೀರದ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಬಳಸುತ್ತದೆ. ಆದುದರಿಂದ ಬರಿಹೊಟ್ಟೆಯಲ್ಲಿ ಮಗುವನ್ನು ಶಾಲೆಗೆ ಕಳುಹಬಾರದು. ಬಿಸಿ ಗಂಜಿಯೂ ಚಟ್ನಿಯೂ ಆದೀತು.

ಎಲ್ಲ ಹಿನ್ನಡೆಗೂ ನಿದ್ದೆಗೇಡೇ ಕಾರಣವೆಂದು ನಾವು ಹೇಳುವುದಿಲ್ಲ. ಕಣ್ಣಿನ ದೋಷ, ಕಾಯಿಲೆ, ಮನಸ್ಸಿನ ನೋವು ಇರಬಹುದು, ಅವನ್ನೂ ವಿಚಾರಿಸಬೇಕು. ನಮ್ಮ ಬಿನ್ನಹ ಇಷ್ಟೆ: ಮಗುವಿನ ಶಾಲೆಯನ್ನು ಬದಲಿಸುವ ಮುನ್ನ, ಅದು ಮಲಗುವ ಹೊತ್ತನ್ನು ಒಂದು ತಿಂಗಳು ಬದಲಿಸಿ ನೋಡಿರಿ. ಹಕ್ಕುಗಳಿಗಾಗಿ ನಾವು ಸರಕಾರದ ಬಾಗಿಲು ತಟ್ಟಬೇಕಾದೀತು. ಈ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ.