ನೆಟ್ ಬಂದು ಹೋಗಿ ಮಾಡಿದಾಗ ನಾವೇನು ಮಾಡಬೇಕು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತು)



ಕಳೆದ ಮಳೆಗಾಲದಲ್ಲಿ ನಮ್ಮ ಒಕ್ಕೂಟದ ಸೇವಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬಂದರು. ಪಿಂಚಣಿ ಹಣದಲ್ಲಿ ಸಾವಿರ ರೂಪಾಯಿ ತೆಗೆಯಬೇಕಿತ್ತು. ಹೆಬ್ಬೆಟ್ಟು ಒತ್ತಿದ್ದೇ ತಡ, ನೆಟ್ ಹೋಯಿತು. ಬಂದ ಮೇಲೆ ಇನ್ನೊಮ್ಮೆ ಒತ್ತಿಸಿದರು. ಖಾತೆಯಿಂದ ಎರಡು ಸಲ ಹಣ ಹೋಯಿತು, ಕೈಗೆ ಸಿಕ್ಕಿದ್ದು ಒಂದೇ ಸಲ. ಮರುದಿನ ಊರೆಲ್ಲ "ಸಂಘದವಳು ಅಜ್ಜಿಯ ದುಡ್ಡು ನುಂಗಿದಳು" ಅಂತ ಮಾತು. ನಮ್ಮ ಸದಸ್ಯೆ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೇ ದಿನ ಹಣ ವಾಪಸ್ ಬಂತು. ಆದರೆ ಹೋದ ಮಾನ ಅಷ್ಟು ಬೇಗ ಬರುತ್ತದೆಯೇ?

ನೆಟ್ ಪೂರ್ತಿ ಹೋದರೆ ಸುಲಭ, ಎಲ್ಲರಿಗೂ ಕಾಣುತ್ತದೆ. ಬಂದು ಹೋಗಿ ಮಾಡುವುದೇ ಕಷ್ಟ. ಮಗುವಿನ ಜ್ವರ ಆಸ್ಪತ್ರೆ ಬಾಗಿಲಲ್ಲಿ ಇಳಿದುಬಿಡುತ್ತದಲ್ಲ, ಹಾಗೆ. ಲೈನಿನವರು ಮೂರು ಸಲ ಬಂದರು, "ಸರಿ ಇದೆಯಲ್ಲ ಮೇಡಂ" ಅಂತ ಹೇಳಿ ಹೋದರು.

ಆಗ ನಾವು ಒಂದು ನೋಟ್ ಪುಸ್ತಕ ಇಟ್ಟೆವು. ಸಂಘದಲ್ಲಿ ಐದು ರೂಪಾಯಿಗೂ ಲೆಕ್ಕ ಬರೆಯುವವರು ನಾವು, ಇದಕ್ಕೂ ಬರೆಯೋಣ ಅಂದುಕೊಂಡೆವು. ನೆಟ್ ಹೋದ ಗಂಟೆ, ಬಂದ ಗಂಟೆ, ಪೆಟ್ಟಿಗೆಯ ಯಾವ ದೀಪ ಉರಿಯುತ್ತಿತ್ತು, ಮಳೆ ಇತ್ತೇ, ಆಗ ಏನು ಕೆಲಸ ನಡೆದಿತ್ತು, ಇಷ್ಟೇ.

ನಮ್ಮ ಕೇಂದ್ರದಿಂದ ಬ್ಯಾಂಕಿನ ಕಂಪ್ಯೂಟರ್ ತನಕ ದಾರಿ ಉದ್ದ. ನಮ್ಮ ಕೋಣೆ, ಹೊರಗಿನ ಕೇಬಲ್, ಕಂಪನಿಯ ಜಾಲ, ಕೊನೆಗೆ ಬ್ಯಾಂಕು. ದೀಪ ನೋಡಿದರೆ ತೊಂದರೆ ಎಲ್ಲಿ ಅಂತ ಸುಮಾರಾಗಿ ತಿಳಿಯುತ್ತದೆ. ಎಲ್ಲ ದೀಪವೂ ಆರಿ ಮತ್ತೆ ಹತ್ತಿದರೆ ಕರೆಂಟಿನ ದೋಷ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತುಂಡಾಗಿದೆ, ಮಡಚಿದೆ ಅಥವಾ ಜೋಡಣೆ ಸಡಿಲವಾಗಿದೆ. ದೀಪಗಳೆಲ್ಲ ಸರಿ ಇದ್ದೂ ಪುಟ ತೆರೆಯದಿದ್ದರೆ ತೊಂದರೆ ಹೆಚ್ಚಾಗಿ ಮುಂದಿನ ದಾರಿಯಲ್ಲಿ. ಬ್ಯಾಂಕಿನ ಪುಟ ಮಾತ್ರ ತೆರೆಯದಿದ್ದರೆ ಲೈನಿನವರನ್ನು ಬೈದು ಪ್ರಯೋಜನವಿಲ್ಲ.

ಕಂಪ್ಯೂಟರ್ ಕಲಿತ ಹುಡುಗಿಯರು "ಪಿಂಗ್" ಮಾಡಿ ನೋಡಿ. ಒಂದು ಕಿಟಕಿಯಲ್ಲಿ ನಮ್ಮ ಪೆಟ್ಟಿಗೆಗೆ, ಇನ್ನೊಂದರಲ್ಲಿ ಹೊರಗಿನ ವಿಳಾಸಕ್ಕೆ. ಎರಡೂ ಉತ್ತರ ನಿಂತರೆ ದೋಷ ನಮ್ಮ ಕೋಣೆಯಲ್ಲಿ. ಹೊರಗಿನದು ಮಾತ್ರ ನಿಂತರೆ ಆಚೆ ಕಡೆ.

ಹನ್ನೆರಡು ದಿನ ಬರೆದ ಮೇಲೆ ಪುಸ್ತಕವೇ ಮಾತಾಡಿತು. ಹೆಚ್ಚಿನ ಸಲ ಎಲ್ಲ ದೀಪ ಆರಿತ್ತು, "ಆಗಿನ ಕೆಲಸ" ಎಂಬಲ್ಲಿ "ಜೆರಾಕ್ಸ್" ಅಂತ ಇತ್ತು! ಜೆರಾಕ್ಸ್ ಯಂತ್ರವೂ ನೆಟ್ ಪೆಟ್ಟಿಗೆಯೂ ಒಂದೇ ಹಳೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಯಂತ್ರ ಬಿಸಿಯಾಗುವಾಗ ಕರೆಂಟು ಎಳೆಯುತ್ತಿತ್ತು, ಪೆಟ್ಟಿಗೆ ಆರಿ ಹತ್ತುತ್ತಿತ್ತು. ಪೆಟ್ಟಿಗೆಯನ್ನು ಯುಪಿಎಸ್‌ಗೆ ಹಾಕಿದೆವು, ಅಷ್ಟೇ. ಮೂರು ಸಲ ಬೈಸಿಕೊಂಡ ಲೈನಿನ ಹುಡುಗನಿಗೆ ಚಹಾ ಕುಡಿಸಿ ತಪ್ಪೊಪ್ಪಿಕೊಂಡೆವು.

ಇನ್ನು ಹಣದ ವಿಷಯ, ದಯವಿಟ್ಟು ಗಮನವಿಟ್ಟು ಕೇಳಿ. ನೆಟ್ ನಡುವೆ ಹೋದರೆ ಎರಡನೇ ಸಲ ಹೆಬ್ಬೆಟ್ಟು ಒತ್ತಿಸಬೇಡಿ. ಮೊದಲು ಖಾತೆಯಲ್ಲಿ ಹಣ ಹೋಗಿದೆಯೇ ನೋಡಿ. ವ್ಯವಹಾರದ ಸಂಖ್ಯೆ, ಸಮಯ ಬರೆದು ಗ್ರಾಹಕರಿಗೂ ಒಂದು ಚೀಟಿ ಕೊಡಿ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಆಧಾರ್ ಹೆಬ್ಬೆಟ್ಟಿನ ವ್ಯವಹಾರ ವಿಫಲವಾಗಿ ಹಣ ಕಡಿತವಾದರೆ, ಆ ದಿನದ ನಂತರ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಯಾರ ಭಿಕ್ಷೆಯೂ ಅಲ್ಲ. ಬರದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, ರಶೀದಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಆ ಅಜ್ಜಿ ಈಗಲೂ ನಮ್ಮ ಕೇಂದ್ರಕ್ಕೇ ಬರುತ್ತಾರೆ. ಒಳಗೆ ಬಂದವರೇ ಕೇಳುತ್ತಾರೆ, "ಮಗಾ, ದೀಪ ಉರೀತಾ ಇದೆಯಾ?" ನಿಮ್ಮ ಕೇಂದ್ರದಲ್ಲಿ ಇವತ್ತೇ ಒಂದು ಪುಸ್ತಕ ಇಡಿ. ಮುಂದಿನ ಸಭೆಗೆ ಬರುವಾಗ ಅದನ್ನು ತನ್ನಿ, ಒಟ್ಟಿಗೆ ಕೂತು ನೋಡೋಣ.